ಎರಡು ಅಂಕದ ಯುರೋಪ್

1453ರಲ್ಲಿ ಕಾನ್‌ಸ್ಟಾಂಟಿನೋಪಲ್ ಬಿತ್ತು. ಬಿದ್ದಿದ್ದು ಟರ್ಕರ ಕೈಗೆ, ಪೆಟ್ಟಾಗಿದ್ದು ನಮ್ಮ ಎಸ್ಸೆಸ್ಸೆಲ್ಸಿ ಮಕ್ಕಳಿಗೆ.

ಭಾರತಕ್ಕೆ ಹೊಸ ಜಲಮಾರ್ಗ ಹುಡುಕಲು ಕಾರಣವೇನು ಅಂತ ಕೇಳಿ ನೋಡಿ. ನಿದ್ದೆಗಣ್ಣಲ್ಲಿರುವ ಮಗುವೂ ಎದ್ದು ಕೂತು 'ಆಟೋಮನ್ ಟರ್ಕರು ಕಾನ್‌ಸ್ಟಾಂಟಿನೋಪಲ್ ಹಿಡಿದು ವ್ಯಾಪಾರದ ಹಳೇ ದಾರಿ ಮುಚ್ಚಿದರು' ಅಂತ ಶುರು ಮಾಡುತ್ತದೆ. ಆ ಊರು ಎಲ್ಲಿದೆ ಅಂತ ಮಾತ್ರ ಕೇಳಬೇಡಿ. ಮ್ಯಾಪ್ ಪ್ರಶ್ನೆಯಲ್ಲಿ ಬರೋದು ಭಾರತ ಒಂದೇ.

ನಮ್ಮ ಅಕ್ಕನ ಮಗ ಸ್ವಲ್ಪ ಅಧಿಕಪ್ರಸಂಗಿ. ಕಿರುಪರೀಕ್ಷೆಯಲ್ಲಿ ಹೀಗೆ ಬರೆದ: ಪೋರ್ಚುಗೀಸರು 1415ರಲ್ಲೇ ಆಫ್ರಿಕಾದ ಸ್ಯೂಟಾ ಹಿಡಿದಿದ್ದರು, ಆಮೇಲೆ ಕರಾವಳಿ ಹಿಡಿದು ಕೆಳಗಿಳಿಯುತ್ತಾ ಹೋದರು. 1453 ಆದಮೇಲೂ ವೆನಿಸ್‌ನ ವ್ಯಾಪಾರಿಗಳು ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿ ಮೆಣಸು ಕೊಳ್ಳುತ್ತಲೇ ಇದ್ದರು. ಈಜಿಪ್ಟ್ ಟರ್ಕರ ಪಾಲಾಗಿದ್ದೇ 1517ರಲ್ಲಿ. ಅಷ್ಟು ಹೊತ್ತಿಗೆ ವಾಸ್ಕೋಡಗಾಮ ಕಲ್ಲಿಕೋಟೆಗೆ ಬಂದು 19 ವರ್ಷ ಆಗಿತ್ತು.

ಸಿಕ್ಕಿದ್ದು ಸೊನ್ನೆ. ಪಕ್ಕದಲ್ಲಿ ಕೆಂಪು ಇಂಕಿನ ಷರಾ: 'ಕೀ ಆನ್ಸರ್‌ನಲ್ಲಿ ಇಲ್ಲ.'

ಅದೇ 1517ರಲ್ಲಿ ಜರ್ಮನಿಯ ವಿಟೆನ್‌ಬರ್ಗ್‌ನಲ್ಲಿ ಮಾರ್ಟಿನ್ ಲೂಥರ್ ಅನ್ನೋ ಸನ್ಯಾಸಿ (ಅವನೂ ಮೇಷ್ಟ್ರೇ) ಪಾಪದ ಶಿಕ್ಷೆ ಮಾಫಿ ಅಂತ ಚರ್ಚಿನವರು ಕಾಸಿಗೆ ಮಾರುತ್ತಿದ್ದ ಕ್ಷಮಾಪಣಾ ಪತ್ರಗಳ ಮೇಲೆ 95 ತಕರಾರು ಬರೆದ. ದೊಡ್ಡವರ ಕೀ ಆನ್ಸರನ್ನೇ ಪ್ರಶ್ನೆ ಮಾಡಿದ ಆಸಾಮಿ. ನಮ್ಮ ಮಕ್ಕಳು ಅವನನ್ನು ನಾಲ್ಕು ಪಾಯಿಂಟಿನಲ್ಲಿ ಮುಗಿಸುತ್ತಾರೆ. ಇರೋದೇ ನಾಲ್ಕು ಅಂಕ. ಪಾಪ, ಉಳಿದ 91 ಸುಮ್ನೆ ಬರೆದ.

ಹತ್ತನೇ ಕ್ಲಾಸಿಗೆ ಬಂದರೆ 'ಪಾಸಿಂಗ್ ಪ್ಯಾಕೇಜ್' ಸಿಗುತ್ತದೆ. ಪಾಠ ಓದಬೇಕಿಲ್ಲ, ಇಷ್ಟನ್ನು ಬಾಯಿಪಾಠ ಮಾಡಿದರೆ ಮುಕ್ತಿ. ಮಾರೋದು ಜೆರಾಕ್ಸ್ ಅಂಗಡಿ. ಆ ಅಂಗಡಿಯವನನ್ನು ಬೈಯೋಕೂ ಆಗಲ್ಲ. ಯುರೋಪಿನಲ್ಲಿ ಅಚ್ಚಿನ ಯಂತ್ರ ಶುರು ಮಾಡಿದ ಗುಟೆನ್‌ಬರ್ಗ್ ಕಾಲದ ಅಚ್ಚುಕೂಟವೂ ಬೈಬಲ್ ಜೊತೆಗೆ ಕ್ಷಮಾಪಣಾ ಪತ್ರಗಳನ್ನೂ ಅಚ್ಚು ಹಾಕಿತ್ತು. ಕಸುಬು ಹಳೆಯದು.

ಸೊನ್ನೆ ನೋಡಿ ಅಕ್ಕ ಅತ್ತಳು. ಸರಿ, ನಾನೇ ಹೋಗಿ ಒಂದು ಪ್ರತಿ ತಂದೆ. ಜೆರಾಕ್ಸಿನ ಜೆರಾಕ್ಸಿನ ಜೆರಾಕ್ಸ್ ಅದು. ಮೊದಲ ಪುಟದಲ್ಲೇ ಮಸಿ ಕದಡಿ 3 ಹೋಗಿ 8 ಆಗಿತ್ತು.

"ಮಾಮ, 1458 ಅಂತ ಇದೆ. ತಪ್ಪಲ್ವಾ?"

"ಕ್ಲಾಸಲ್ಲಿ ಎಲ್ರೂ ಇದೇ ಅಂಗಡೀಲಿ ತಗೊಂಡಿದಾರಾ?"

"ಹೂಂ."

"ಹಾಗಾದ್ರೆ 1458 ಅಂತಾನೇ ಬರಿ."