ಟೆಸ್ಟ್ ಕೇಸ್‌ಗಳು ಕೋಡ್ ಜೊತೆಗೇ ಇರಬೇಕೇ? ಪರ-ವಿರೋಧ

ಓಪನ್ ಸೋರ್ಸ್ ಕನ್ನಡ ಕೀಬೋರ್ಡ್ ಒಂದಿದೆ ಎಂದುಕೊಳ್ಳಿ. ಕೋಡ್ ಬರೆಯುವವರು ದಾವಣಗೆರೆಯ ಇಂಜಿನಿಯರಿಂಗ್ ವಿದ್ಯಾರ್ಥಿಗಳು. ಕೀ ಒತ್ತಿ ನೋಡಿ ತಪ್ಪು ಹೇಳುವವರು ಚಿತ್ರದುರ್ಗದ ಡಿಟಿಪಿ ಅಂಗಡಿಯವರು, ಕನ್ನಡ ಮೇಷ್ಟ್ರುಗಳು. ಕೈಯಿಂದಲೇ ನೋಡಬೇಕಾದ ಟೆಸ್ಟ್ ಕೇಸ್ (ಏನು ಒತ್ತಬೇಕು, ಏನು ಕಾಣಬೇಕು ಎಂಬ ಪರೀಕ್ಷಾ ಸೂಚನೆ) ಅರವತ್ತು. ಅವನ್ನು ಕೋಡ್ ಇರುವ ಗಿಟ್ ರೆಪೊದಲ್ಲೇ (ಪ್ರತಿ ಬದಲಾವಣೆಯನ್ನೂ ‘ಕಮಿಟ್’ ಎಂದು ದಾಖಲಿಸಿಡುವ ಉಗ್ರಾಣದಲ್ಲೇ) ಟೆಕ್ಸ್ಟ್ ಫೈಲ್‌ಗಳಾಗಿ ಇಡಬೇಕೋ, ಕಿವಿ ಟಿಸಿಎಂಎಸ್‌ನಂಥ, ಟೆಸ್ಟ್ ಕೇಸ್ ನೋಡಿಕೊಳ್ಳಲೆಂದೇ ಇರುವ ಬೇರೊಂದು ಸಾಫ್ಟ್‌ವೇರ್‌ನಲ್ಲಿ ಇಡಬೇಕೋ?

ಪರ: ಒಂದೇ ಕಮಿಟ್‌ನಲ್ಲಿ ಎರಡೂ ಬದಲಾಗಲಿ

ಟೆಸ್ಟ್ ಕೇಸ್ ಹಳಸುವುದು ಯಾರಿಗೂ ಗೊತ್ತಾಗದ ಹಾಗೆ. ಬ್ಯಾಕ್‌ಸ್ಪೇಸ್ ಒತ್ತಿದರೆ ‘ತ್ರ’ ಪೂರ್ತಿ ಅಳಿಯುತ್ತಿತ್ತು. ಹೊಸ ಆವೃತ್ತಿಯಲ್ಲಿ ಕೊನೆಯ ‘ರ’ ಮಾತ್ರ ಅಳಿದು ‘ತ್’ ಉಳಿಯುವಂತೆ ಮಾಡಿದರು ಅನ್ನಿ. ಬೇರೆ ಸರ್ವರ್‌ನಲ್ಲಿರುವ ಟೆಸ್ಟ್ ಕೇಸ್ ಇನ್ನೂ ‘ಪೂರ್ತಿ ಅಳಿಯಬೇಕು’ ಎನ್ನುತ್ತಿರುತ್ತದೆ. ಪರೀಕ್ಷಿಸಿದವರು ಬಗ್ ವರದಿ ಹಾಕುತ್ತಾರೆ, ಕೋಡ್ ಬರೆದವರು ‘ಇದು ಬೇಕೆಂದೇ ಮಾಡಿದ್ದು’ ಎಂದು ಮುಚ್ಚುತ್ತಾರೆ. ಎರಡು ಸಲ ಹೀಗಾದರೆ ಮೂರನೆಯ ಸಲ ಪರೀಕ್ಷಿಸಲು ಯಾರೂ ಬರುವುದಿಲ್ಲ. ಕೋಡ್ ಮತ್ತು ಟೆಸ್ಟ್ ಕೇಸ್ ಒಂದೇ ಪುಲ್ ರಿಕ್ವೆಸ್ಟ್‌ನಲ್ಲಿ (‘ಈ ಬದಲಾವಣೆ ಸೇರಿಸಿಕೊಳ್ಳಿ’ ಎಂಬ ಕೋರಿಕೆಯಲ್ಲಿ) ಬಂದರೆ ಈ ಜಗಳ ಹುಟ್ಟುವುದೇ ಇಲ್ಲ. ಹಳೆಯ ರಿಲೀಸ್‌ನ ಬ್ರಾಂಚ್‌ನಲ್ಲಿ (ಕವಲಿನಲ್ಲಿ) ಹಳೆಯ ನಿರೀಕ್ಷೆ, ಹೊಸದರಲ್ಲಿ ಹೊಸದು, ಎರಡೂ ತಂತಮ್ಮ ಜಾಗದಲ್ಲಿ ಸರಿಯಾಗಿರುತ್ತವೆ.

ರೆಪೊದಲ್ಲಿ ಇಟ್ಟೂ ಕೆಡಿಸುವವರಿದ್ದಾರೆ. ಅರವತ್ತನ್ನೂ ಒಂದೇ ಫೈಲ್‌ನ ದೊಡ್ಡ ಕೋಷ್ಟಕದಲ್ಲಿ ತುಂಬುತ್ತಾರೆ. ಇಬ್ಬರು ಅದೇ ಕೋಷ್ಟಕದ ಕೊನೆಗೆ ಒಂದೊಂದು ಸಾಲು ಸೇರಿಸಿದರೂ ಯಾರದನ್ನು ಇಡುವುದೆಂದು ಗಿಟ್‌ಗೆ ತಿಳಿಯದೆ ಮರ್ಜ್ ಕಾನ್‌ಫ್ಲಿಕ್ಟ್. ಒಂದು ಟೆಸ್ಟ್ ಕೇಸ್‌ಗೆ ಒಂದು ಫೈಲ್ ಇರಲಿ. ಹೆಸರಿನ ಮೊದಲಿಗೆ ಸಂಖ್ಯೆ ಬರಲಿ, ಒಮ್ಮೆ ಕೊಟ್ಟ ಸಂಖ್ಯೆ ಬೇರೆ ಯಾವುದಕ್ಕೂ ಹೋಗಬಾರದು. ಹಳೆಯ ಬಗ್ ವರದಿಯಲ್ಲಿ ‘3012 ಫೇಲ್’ ಎಂದಿದ್ದರೆ ಐದು ವರ್ಷದ ಮೇಲೂ ಅದು ಅದೇ 3012 ಆಗಿರಬೇಕು. ಗಿಟ್ ತನ್ನದೇ ಟೆಸ್ಟ್‌ಗಳನ್ನು ‘ಟಿ’ ಎಂಬ ಫೋಲ್ಡರ್‌ನಲ್ಲಿ ಇಟ್ಟಿರುವ ಕ್ರಮ ನೋಡಿ: ನಾಲ್ಕಂಕಿ ಸಂಖ್ಯೆ, ಮೊದಲ ಅಂಕಿಯೇ ವಿಭಾಗ. 0 ಎಂದರೆ ತೀರಾ ಮೂಲದ್ದು, 4 ಡಿಫ್ (ವ್ಯತ್ಯಾಸ ತೋರಿಸುವ) ಕಮಾಂಡ್‌ಗಳು, 5 ಪುಲ್ ಮತ್ತು ಕಳಿಸುವ ಕಮಾಂಡ್‌ಗಳು. ಕೀಬೋರ್ಡ್‌ಗೂ ಅದೇ ಮಾದರಿ ಸಾಕು: 1 ಇನ್‌ಸ್ಟಾಲ್, 2 ಸ್ವರ ಮತ್ತು ಗುಣಿತ, 3 ಒತ್ತಕ್ಷರ, 4 ಅಳಿಸುವುದು, 5 ಹುಡುಕುವುದು.

ಫೈಲ್ ಒಳಗೇನಿರಬೇಕು? 3012ಕ್ಕೆ ‘ಚಿತ್ರದುರ್ಗ’ ಎಂಬ ಪದವನ್ನೇ ತೆಗೆದುಕೊಳ್ಳಬಹುದು; ಇದಕ್ಕಿಂತ ಒಳ್ಳೆಯ ಪರೀಕ್ಷಾ ಪದ ಈ ಸೀಮೆಯಲ್ಲಿ ಸಿಗುವುದು ಕಷ್ಟ. ಕಣ್ಣಿಗೆ ನಾಲ್ಕು ಅಕ್ಷರ, ಯೂನಿಕೋಡ್‌ನಲ್ಲಿ ಹತ್ತು ಕೋಡ್ ಪಾಯಿಂಟ್ (ಒಂದೊಂದು ಅಕ್ಷರಭಾಗಕ್ಕೂ ಕೊಟ್ಟ ಸಂಖ್ಯೆ), ಫೈಲ್‌ನಲ್ಲಿ ಉಳಿಸುವ ಯುಟಿಎಫ್-8 ರೂಪದಲ್ಲಿ ಮೂವತ್ತು ಬೈಟ್. ‘ತ್ರ’ದಲ್ಲಿ ರಕಾರ ಕೆಳಗೆ ಒತ್ತಾಗಿ ಕೂರುತ್ತದೆ, ‘ರ್ಗ’ದಲ್ಲಿ ಅದೇ ರಕಾರ ಅರ್ಕಾವತ್ತಾಗಿ ‘ಗ’ದ ಬಲಕ್ಕೆ ಹೋಗುತ್ತದೆ. ಒಂದೇ ಪದದಲ್ಲಿ ಎರಡು ದಿಕ್ಕಿನ ಪರೀಕ್ಷೆ. ಮೊದಲು ಪೂರ್ವಸಿದ್ಧತೆ (ಯಾವ ಫಾಂಟ್, ಯಾವ ಕೀಲಿ ವಿನ್ಯಾಸ), ಆಮೇಲೆ ಹೆಜ್ಜೆಗಳು, ಪ್ರತಿ ಹೆಜ್ಜೆಗೂ ಕಾಣಬೇಕಾದದ್ದು. ‘ಸರಿಯಾಗಿ ಮೂಡಬೇಕು’ ಎಂದು ಬರೆದರೆ ಬರೆಯದಿದ್ದಂತೆಯೇ. ಹೆಜ್ಜೆ ಏಳು ಮೀರಿದರೆ ಕೇಸನ್ನು ಒಡೆಯಿರಿ. ದುರ್ಗದ ಕೋಟೆಗೇ ಏಳು ಸುತ್ತು ಸಾಕಾಗಿದೆ.

ಕಣ್ಣಿಗೆ ಕಾಣದ ತೊಂದರೆ ಒಂದಿದೆ. ‘ರ‍್ಯಾಂಕ್’ ಎಂದು ಅರ್ಕಾವತ್ತಿಲ್ಲದೆ ಬರಬೇಕಾದರೆ ರಕಾರಕ್ಕೂ ವಿರಾಮಕ್ಕೂ (ಸ್ವರ ತೆಗೆಯುವ ಚಿಹ್ನೆಗೂ) ನಡುವೆ ಜೀರೋ ವಿಡ್ತ್ ಜಾಯ್ನರ್, ಅಂದರೆ ಯೂನಿಕೋಡ್ ಸಂಖ್ಯೆ 200ಡಿ, ಇರಬೇಕು. ಕಾಪಿ-ಪೇಸ್ಟ್‌ನಲ್ಲಿ ಅದು ಉದುರಿದರೆ ಟೆಸ್ಟ್ ಕೇಸ್‌ನ ನಿರೀಕ್ಷೆಯೇ ತಪ್ಪಾಗುತ್ತದೆ. ‘ಮೊಳಕಾಲ್ಮೂರು’ ಇನ್ನೂ ಮೋಸದ್ದು. ‘ಮೊ’ದ ಸ್ವರಚಿಹ್ನೆಯನ್ನು ಒಂದೇ ಕೋಡ್ ಪಾಯಿಂಟ್ ಆಗಿ ಬರೆದರೆ ಪದಕ್ಕೆ ಹನ್ನೊಂದು, ಎರಡಾಗಿ ಒಡೆದರೆ ಹನ್ನೆರಡು, ತೆರೆಯ ಮೇಲೆ ಎರಡೂ ಒಂದೇ. ಒಡೆದ ರೂಪವನ್ನು ಹುಡುಕಾಟ ಹಿಡಿಯುತ್ತದೆಯೇ ಎಂದು ನೋಡುವ ಕೇಸ್‌ನಲ್ಲಿ ಯಾವುದೋ ಎಡಿಟರ್ ಸೇವ್ ಮಾಡುವಾಗ ಒಡೆದದ್ದನ್ನು ಒಂದಾಗಿಸುವ ಯೂನಿಕೋಡ್ ರೂಪವಾದ ಎನ್‌ಎಫ್‌ಸಿಗೆ ತಿರುಗಿಸಿದರೆ ಮುಗಿಯಿತು, ಆ ಟೆಸ್ಟ್ ಮುಂದೆ ಎಂದೂ ಫೇಲ್ ಆಗುವುದಿಲ್ಲ. ಆದ್ದರಿಂದ ಪದದ ಪಕ್ಕದಲ್ಲೇ ಕೋಡ್ ಪಾಯಿಂಟ್ ಸಂಖ್ಯೆಗಳನ್ನೂ ಬರೆಯಬೇಕು. ಹಾರ್ಫ್‌ಬಜ್ (ಅಕ್ಷರ ಜೋಡಿಸಿ ರೂಪ ಕೊಡುವ ಓಪನ್ ಸೋರ್ಸ್ ಸಾಫ್ಟ್‌ವೇರ್) ತನ್ನ ಟೆಸ್ಟ್‌ಗಳಲ್ಲಿ ಮಾಡುವುದು ಅದನ್ನೇ: ಫಾಂಟ್, ಆಯ್ಕೆಗಳು, ಯೂನಿಕೋಡ್ ಸಂಖ್ಯೆಗಳು, ಬರಬೇಕಾದ ಅಕ್ಷರಚಿತ್ರಗಳು ಅಂದರೆ ಗ್ಲಿಫ್‌ಗಳು, ಸೆಮಿಕೋಲನ್ ಹಾಕಿದ ಒಂದೇ ಸಾಲು. ಫೈಲ್ ರೆಪೊದಲ್ಲಿದ್ದರೆ ಪದ ಮತ್ತು ಸಂಖ್ಯೆ ಹೊಂದುತ್ತವೆಯೇ, ಎರಡು ಫೈಲ್‌ಗೆ ಒಂದೇ ಸಂಖ್ಯೆ ಬಿದ್ದಿದೆಯೇ ಎಂದು ಸಣ್ಣ ಸ್ಕ್ರಿಪ್ಟ್ ಒಂದು ಪ್ರತಿ ಪುಲ್ ರಿಕ್ವೆಸ್ಟ್‌ಗೂ ನೋಡಿಬಿಡುತ್ತದೆ.

ಇನ್ನು ಬೇರೆ ಸಾಫ್ಟ್‌ವೇರ್‌ನ ಆಯಸ್ಸು. ಫೈರ್‌ಫಾಕ್ಸ್ ಮಾಡುವ ಮೊಜಿಲ್ಲಾದವರು ಟೆಸ್ಟ್ ಕೇಸ್ ಇಡಲು ಲಿಟ್ಮಸ್ ಕಟ್ಟಿದರು, ಅದನ್ನು ಬಿಟ್ಟು ಮೊಜ್‌ಟ್ರ್ಯಾಪ್ ಕಟ್ಟಿದರು, ಅದನ್ನೂ ಬಿಟ್ಟರು. ಪ್ರತಿ ಸಲವೂ ಸಾವಿರಾರು ಕೇಸ್‌ಗಳ ಗಂಟುಮೂಟೆ ಕಟ್ಟುವ ಕೆಲಸ. ಅಷ್ಟು ಜನಬಲ ಇದ್ದವರಿಗೇ ಹೀಗಾದರೆ ಆರು ಜನ ಸ್ವಯಂಸೇವಕರು ನಡೆಸುವ ಸರ್ವರ್ ಗತಿ ಏನು? ಪಾಸ್‌ವರ್ಡ್ ಗೊತ್ತಿದ್ದವನು ಡಿಗ್ರಿ ಮುಗಿಸಿ ಬೆಂಗಳೂರಿನ ಬಸ್ ಹತ್ತಿದ ದಿನ ಅದು ಅನಾಥ.

ವಿರೋಧ: ಫೈಲ್ ಇಡುವುದು ಸುಲಭ, ಫಲಿತಾಂಶ ಎಲ್ಲಿಡುತ್ತೀರಿ?

ತಾನಾಗಿ ಓಡುವ ಟೆಸ್ಟ್ ರೆಪೊದಲ್ಲೇ ಇರಬೇಕು, ಅದರಲ್ಲಿ ತಕರಾರಿಲ್ಲ. ಗಿಟ್ ಮತ್ತು ಹಾರ್ಫ್‌ಬಜ್‌ನ ಉದಾಹರಣೆ ಎರಡೂ ಅಂಥವೇ, ಅಲ್ಲಿ ಓದುಗ ಕಂಪ್ಯೂಟರ್. ಇಲ್ಲಿ ಮಾತು ಮನುಷ್ಯರು ಕೂತು ನೋಡುವ ಅರವತ್ತರದ್ದು.

ಲೆಕ್ಕ ಹಾಕಿ. ವಿಂಡೋಸ್, ಲಿನಕ್ಸ್ ಎರಡು. ಲಿಬ್ರೆಆಫೀಸ್ ರೈಟರ್, ಫೈರ್‌ಫಾಕ್ಸ್, ಕ್ರೋಮಿಯಂ ಮೂರು. ಅಲ್ಲಿಗೆ ಆರು ಜೋಡಿ. ಅರವತ್ತು ಕೇಸ್‌ಗೆ ಒಂದು ರಿಲೀಸ್‌ಗೆ 360 ಫಲಿತಾಂಶ. ರೆಪೊದ ಫೈಲ್ ‘ಏನು ಮಾಡಬೇಕು’ ಎಂದಷ್ಟೇ ಹೇಳುತ್ತದೆ. ಯಾರು, ಪರೀಕ್ಷೆಗೆಂದು ಕಟ್ಟಿದ ಯಾವ ಬಿಲ್ಡ್‌ನಲ್ಲಿ, ಯಾವತ್ತು ಮಾಡಿದರು, ಏನು ಕಂಡರು ಎಂಬ 360 ಸಾಲು ಎಲ್ಲಿ? ರೆಪೊಗೇ ಕಮಿಟ್ ಮಾಡಿದರೆ ಕೋಡ್‌ನ ಇತಿಹಾಸ ಕಸದ ಬುಟ್ಟಿ. ಮಾಡದಿದ್ದರೆ ಯಾರೋ ಒಬ್ಬರು ಸ್ಪ್ರೆಡ್‌ಶೀಟ್ ತೆರೆಯುತ್ತಾರೆ, ಅದರ ಲಿಂಕ್ ವಾಟ್ಸಾಪ್ ಗುಂಪಿನಲ್ಲಿ ಮೇಲಕ್ಕೆ ಸರಿದು ಹೋಗುತ್ತದೆ. ಎರಡನೆಯ ಜಾಗ ಹುಟ್ಟುವುದು ಹೇಗೂ ತಪ್ಪಲಿಲ್ಲ, ಹೀಗೆ ಹುಟ್ಟಿದ್ದು ಅಡ್ಡಾದಿಡ್ಡಿ ಅಷ್ಟೇ.

ಕಿವಿ ಟಿಸಿಎಂಎಸ್ ಇದನ್ನು ಬೇರೆ ಬೇರೆ ಮಾಡಿ ಇಡುತ್ತದೆ. ಟೆಸ್ಟ್ ಕೇಸ್ ಒಂದು ಕಡೆ. ಈ ರಿಲೀಸ್‌ಗೆ ಯಾವ್ಯಾವುದು ಎಂದು ಆರಿಸಿದ ಪಟ್ಟಿ ಟೆಸ್ಟ್ ಪ್ಲಾನ್. ಒಂದು ಬಿಲ್ಡ್ ಮೇಲೆ ಅದನ್ನು ನಡೆಸುವುದು ಟೆಸ್ಟ್ ರನ್. ಒಳಗಿನ ಒಂದೊಂದು ಫಲಿತಾಂಶ ಎಕ್ಸಿಕ್ಯೂಷನ್. ಫಲಿತಾಂಶಕ್ಕೆ ಪಾಸ್, ಫೇಲ್ ಎರಡೇ ಅಲ್ಲ, ಬ್ಲಾಕ್ಡ್ ಕೂಡ ಇದೆ, ಮತ್ತು ಈ ಬ್ಲಾಕ್ಡ್ ಇಲ್ಲದೆ ಕೈಪರೀಕ್ಷೆ ಅರ್ಥ ಕಳೆದುಕೊಳ್ಳುತ್ತದೆ. ಇನ್‌ಸ್ಟಾಲರ್ ಕೆಟ್ಟಿದ್ದರೆ ಉಳಿದ ಐವತ್ತು ಕೇಸ್ ಮುಟ್ಟಲೂ ಆಗುವುದಿಲ್ಲ. ಅವನ್ನೆಲ್ಲ ಫೇಲ್ ಎಂದು ಗುರುತು ಹಾಕಿದರೆ ಐವತ್ತು ಬಗ್ ಇದೆ ಎಂದು ಕಾಣುತ್ತದೆ, ಇರುವುದು ಒಂದು. ಖಾಲಿ ಬಿಟ್ಟರೆ ಯಾರೂ ನೋಡೇ ಇಲ್ಲ ಎಂದು ಕಾಣುತ್ತದೆ.

ಹಳಸುವ ಮಾತಿಗೆ ಬರೋಣ. ರೆಪೊದಲ್ಲಿದ್ದರೆ ಹಳಸುವುದಿಲ್ಲ ಎಂಬುದು ಪುಲ್ ರಿಕ್ವೆಸ್ಟ್ ನೋಡುವವರು ಪ್ರತಿ ಸಲ ‘ಟೆಸ್ಟ್ ಕೇಸ್ ತಿದ್ದಿದೆಯಾ?’ ಎಂದು ಕೇಳಿದರೆ ಮಾತ್ರ. ಸ್ಕ್ರಿಪ್ಟ್ ಹಿಡಿಯುವುದು ಎರಡು ಬಾರಿ ಬಿದ್ದ ಸಂಖ್ಯೆಯನ್ನು, ಸುಳ್ಳಾದ ನಿರೀಕ್ಷೆಯನ್ನಲ್ಲ. ಕಿವಿಯಲ್ಲಿ ಕೇಸ್‌ಗೇ ಸ್ಥಿತಿ ಇರುತ್ತದೆ: ಪ್ರೊಪೋಸ್ಡ್, ಕನ್‌ಫರ್ಮ್ಡ್, ಡಿಸೇಬಲ್ಡ್, ನೀಡ್ ಅಪ್‌ಡೇಟ್. ಅನುಮಾನ ಬಂದವರು ‘ನೀಡ್ ಅಪ್‌ಡೇಟ್’ ಒತ್ತಿದರೆ ಸಾಕು, ಪರಿಹಾರ ಅವರಿಗೆ ಗೊತ್ತಿರಬೇಕಾಗಿಲ್ಲ. ಬ್ರಾಂಚ್‌ಗೆ ತಕ್ಕ ನಿರೀಕ್ಷೆ ಗಿಟ್‌ನಲ್ಲಿ ಸಲೀಸು, ಒಪ್ಪುತ್ತೇನೆ. ಕಿವಿಯಲ್ಲಿ ಅದಕ್ಕೆ ಆವೃತ್ತಿಗೊಂದು ಪ್ಲಾನ್ ಮಾಡಿ, ಬದಲಾದ ಕೇಸನ್ನು ಕ್ಲೋನ್ ಮಾಡಬೇಕು, ಅದು ನಿಜವಾಗಿಯೂ ಬೇಸರದ ಕೆಲಸ.

ಆದರೆ ಈ ಅರವತ್ತನ್ನು ಬಲ್ಲವರು ಯಾರು? ದಿನಕ್ಕೆ ನಲವತ್ತು ಪುಟ ಕನ್ನಡ ಒತ್ತುವ ಡಿಟಿಪಿಯವರು. ಅವರಿಗೆ ‘ದಾವಣಗೆರೆ ಎಂದು ಟೈಪ್ ಮಾಡಿ’ ಎಂದರೆ ಬೆರಳು ತಾನಾಗಿ ಕೆಜಿಪಿ (ಕನ್ನಡ ಗಣಕ ಪರಿಷತ್ತಿನ) ವಿನ್ಯಾಸದಲ್ಲಿ ಓಡುತ್ತದೆ: ಡಿ, ಶಿಫ್ಟ್ ಹಿಡಿದು ಎ, ವಿ, ಶಿಫ್ಟ್ ಹಿಡಿದು ಎನ್, ಜಿ, ಇ, ಆರ್, ಇ. ಎಂಟು ಕೀ. ಕೋಡ್ ಬರೆದ ಹುಡುಗ ಇಂಗ್ಲಿಷ್ ಅಕ್ಷರದಲ್ಲಿ ಬರೆಯುವಂತೆ (daavaNagere) ಹನ್ನೊಂದು ಕೀ ಒತ್ತಿ ಪರೀಕ್ಷಿಸಿರುತ್ತಾನೆ. ಇಬ್ಬರೂ ಪಾಸ್ ಎನ್ನಬಹುದು, ಪರೀಕ್ಷಿಸಿದ್ದು ಬೇರೆ ಬೇರೆ ಕೋಡ್. ಹೆಜ್ಜೆಯಲ್ಲಿ ವಿನ್ಯಾಸದ ಹೆಸರೂ ಕೀಗಳೂ ಇರಬೇಕು ಎಂದು ಕಂಡುಹಿಡಿಯುವವರು ಈ ಡಿಟಿಪಿಯವರೇ. ಆ ಒಂದು ಸಾಲು ತಿದ್ದಲು ಅವರಿಗೆ ಕ್ಲೋನ್, ಬ್ರಾಂಚ್, ಕಮಿಟ್, ಪುಶ್, ಪುಲ್ ರಿಕ್ವೆಸ್ಟ್ ಕಲಿಸುತ್ತೀರಾ? ಕಲಿಯುತ್ತಾರೆ, ದಡ್ಡರಲ್ಲ, ಅಂಗಡಿಯಲ್ಲಿ ಗಿರಾಕಿ ಕಾಯುತ್ತಿರುತ್ತಾರೆ, ಅಷ್ಟೇ. ಫೆಡೋರಾ ಲಿನಕ್ಸ್‌ನವರು ಕೈಪರೀಕ್ಷೆಯ ಕೇಸ್‌ಗಳನ್ನು ವಿಕಿ ಪುಟಗಳಾಗಿ ಇಟ್ಟು, ಫಲಿತಾಂಶದ ಕೋಷ್ಟಕವನ್ನೂ ಅಲ್ಲೇ ತೆರೆದಿಟ್ಟದ್ದಕ್ಕೆ ಅರ್ಥವಿದೆ.

ಸರ್ವರ್ ಅನಾಥವಾಗುವ ಭಯ ಸುಳ್ಳಲ್ಲ. ಕಿವಿಯ ವಂಶಾವಳಿ ನೋಡಿದರೆ ಅದರ ಇನ್ನೊಂದು ಮುಖವೂ ಕಾಣುತ್ತದೆ: ಬಗ್ ಪಟ್ಟಿ ಇಡುವ ಬಗ್‌ಜಿಲ್ಲಾದ ಟೆಸ್ಟೋಪಿಯಾದಿಂದ ರೆಡ್ ಹ್ಯಾಟ್‌ನ ನೈಟ್ರೇಟ್, ಅದರಿಂದ ಕಿವಿ. ಕೋಡ್ ತೆರೆದಿದ್ದರಿಂದ ಒಬ್ಬರು ಬಿಟ್ಟದ್ದನ್ನು ಇನ್ನೊಬ್ಬರು ಎತ್ತಿಕೊಂಡರು. ಆದರೂ ನಾಲ್ಕು ಕೆಲಸ ತಪ್ಪಿಸಬಾರದು. ಅಡ್ಮಿನ್ ಪಾಸ್‌ವರ್ಡ್ ಇಬ್ಬರ ಬಳಿ ಇರಲಿ, ಅವರಲ್ಲಿ ಒಬ್ಬರಾದರೂ ವಿದ್ಯಾರ್ಥಿಯಲ್ಲದವರು. ಡೇಟಾಬೇಸ್ ಬ್ಯಾಕಪ್ ವಾರಕ್ಕೊಮ್ಮೆ ಬೇರೆ ಯಂತ್ರಕ್ಕೆ ಹೋಗಲಿ, ಮತ್ತು ಅದನ್ನು ವರ್ಷಕ್ಕೊಮ್ಮೆಯಾದರೂ ಖಾಲಿ ಯಂತ್ರದಲ್ಲಿ ಎಬ್ಬಿಸಿ ನೋಡಿ. ಎಪಿಐ (ಸ್ಕ್ರಿಪ್ಟ್‌ಗಳು ಮಾಹಿತಿ ಕೇಳಿ ಪಡೆಯುವ ದಾರಿ) ಮೂಲಕ ಕೇಸ್‌ಗಳನ್ನೆಲ್ಲ ಟೆಕ್ಸ್ಟ್ ಆಗಿ ತೆಗೆದು, ಬೇಕಾದರೆ ನಿಮ್ಮ ರೆಪೊದಲ್ಲೇ ಒಂದು ಪ್ರತಿ ಇಡಿ. ಕೇಸ್‌ಗಳಿಗೆ ಹಚ್ಚುವ ಟ್ಯಾಗ್‌ಗಳನ್ನು ಹತ್ತಕ್ಕೆ ಕಟ್ಟಿಹಾಕಿ. ಇಲ್ಲದಿದ್ದರೆ ‘ಒತ್ತಕ್ಷರ’, ‘ಒತ್ತು’, ‘ವತ್ತು’, ‘ಸಂಯುಕ್ತಾಕ್ಷರ’ ಎಂದು ಒಂದೇ ಸಂಗತಿಗೆ ನಾಲ್ಕು ಹುಟ್ಟಿ, ‘ವತ್ತು’ ಎಂದು ಹುಡುಕಿದವರಿಗೆ 3012 ಸಿಗುವುದೇ ಇಲ್ಲ.