ಸತ್ಯಾಂಶ: ಪವರ್ ಬ್ಯಾಂಕ್‌ನ ಉಳಿದ ಎಂಎಎಚ್ ಎಲ್ಲಿ ಹೋಯಿತು?

"10,000 ಎಂಎಎಚ್ ಅಂತ ಬರೆದು 6,000 ಚಿಲ್ಲರೆ ಕೊಡ್ತಾರೆ, ಬರೀ ಮೋಸ" ಅನ್ನೋ ಫಾರ್ವರ್ಡ್ ನಿಮಗೂ ಬಂದಿರಬಹುದು. ಇಷ್ಟಕ್ಕೇ ಮೋಸ ಅನ್ನುವುದು ತಪ್ಪು.

ಎಂಎಎಚ್ ಅಂದರೆ ಮಿಲಿಆಂಪಿಯರ್-ಅವರ್, ಬ್ಯಾಟರಿ ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನುವ ಅಳತೆ. ಆ 10,000 ಅನ್ನುವುದು ಒಳಗಿನ ಬ್ಯಾಟರಿ ಸೆಲ್‌ನ ಲೆಕ್ಕ, 3.7 ವೋಲ್ಟ್‌ನಲ್ಲಿ. ಅಂದರೆ ಒಟ್ಟು ಶಕ್ತಿ 37 ವ್ಯಾಟ್-ಅವರ್ (10 ಆಂಪಿಯರ್-ಅವರ್ × 3.7 ವೋಲ್ಟ್). ಯುಎಸ್‌ಬಿಗೆ ಸಾಮಾನ್ಯವಾಗಿ ಬೇಕಾದ್ದು 5 ವೋಲ್ಟ್. ಅಷ್ಟಕ್ಕೆ ಏರಿಸುವುದು ಬೂಸ್ಟ್ ಕನ್ವರ್ಟರ್. ಅದರಲ್ಲೊಂದು ಪುಟ್ಟ ಕಾಯಿಲ್, ಸೆಕೆಂಡಿಗೆ ಲಕ್ಷಗಟ್ಟಲೆ ಸಲ ಆನ್-ಆಫ್ ಆಗುವ ಸ್ವಿಚ್. ಆನ್ ಆದಾಗ ಕಾಯಿಲ್ ಶಕ್ತಿ ತುಂಬಿಕೊಳ್ಳುತ್ತದೆ. ಆಫ್ ಆದ ಕೂಡಲೇ ಅದರ ವೋಲ್ಟೇಜ್ ಸೆಲ್‌ನ ವೋಲ್ಟೇಜಿಗೆ ಕೂಡಿಕೊಂಡು ಕೆಪಾಸಿಟರ್ (ಚಾರ್ಜ್ ಹಿಡಿದಿಡುವ ಪುಟ್ಟ ಭಾಗ) ತುಂಬಿಸುತ್ತದೆ.

ಶಕ್ತಿ ಸುಮ್ನೆ ಹುಟ್ಟುವುದಿಲ್ಲ. ವೋಲ್ಟೇಜ್ ಜಾಸ್ತಿಯಾದರೆ ಕರೆಂಟ್ ಇಳಿಯಲೇಬೇಕು, ಅಲ್ವಾ? 37ನ್ನು 5ರಿಂದ ಭಾಗಿಸಿದರೆ 7.4 ಆಂಪಿಯರ್-ಅವರ್, ಅಂದರೆ 7,400 ಎಂಎಎಚ್. ಶೇ 15ರಷ್ಟು ಶಾಖವಾಗಿ ಹೋದರೆ ಉಳಿಯುವುದು ಸುಮಾರು 6,300. ಚಾರ್ಜ್ ಮಾಡುವಾಗ ಕೈಗೆ ತಾಗುವ ಬಿಸಿಯಲ್ಲಿ ಇದೂ ಸೇರಿದೆ.

ಕೊಳ್ಳುವಾಗ ಸಣ್ಣಕ್ಷರದಲ್ಲಿರುವ 'ರೇಟೆಡ್ ಕೆಪಾಸಿಟಿ' (ಹೊರಗೆ ನಿಜವಾಗಿ ಸಿಗುವ ಎಂಎಎಚ್) ನೋಡಿ. ಸಿಗುವುದು ಅದಕ್ಕಿಂತ ತೀರಾ ಕಡಿಮೆಯಿದ್ದರೆ ಧಾರಾಳವಾಗಿ ದೂರು ಕೊಡಿ.