ಪೂರ್ತಿ ಮೊಳ ಹಾಕುವವಳಿಗೆ ಹೊಸ ಹೆಸರು ಯಾಕೆ ಬೇಕು?

ಭಾನುವಾರದಿಂದ ಮನಸ್ಸು ಸರಿಯಿಲ್ಲ. ಬರೆದು ಮುಗಿಸುವವರೆಗೂ ನಿದ್ದೆ ಬರುವ ಹಾಗೆ ಕಾಣುವುದಿಲ್ಲ. ಉದ್ದ ಆಗಬಹುದು, ಬಿಡುವಾದಾಗ ಓದಿ.

ನಮ್ಮ ಚರ್ಚಿನಲ್ಲಿ ಆರಾಧನೆ ಮುಗಿದಿತ್ತು. ಮುಂದಿನ ತಿಂಗಳು ದೀಕ್ಷಾಸ್ನಾನ, ಅಂದರೆ ಕ್ರೈಸ್ತರಾಗುವ ನೀರಿನ ಸಂಸ್ಕಾರ, ತೆಗೆದುಕೊಳ್ಳುವ ಮೂವರನ್ನು ಕೂರಿಸಿಕೊಂಡು ಸಭೆಯ ಹಿರಿಯರೊಬ್ಬರು ಮಾತಾಡುತ್ತಿದ್ದರು. ನಾನು ಪಕ್ಕದಲ್ಲಿ ಹಾಡಿನ ಪುಸ್ತಕ ಜೋಡಿಸುತ್ತಿದ್ದೆ. ಮೂವರಲ್ಲಿ ಒಬ್ಬಾಕೆ ಬಸ್ ಸ್ಟ್ಯಾಂಡ್ ಹತ್ತಿರ ಹೂವಿನ ಬುಟ್ಟಿ ಇಟ್ಟುಕೊಂಡು ಕೂರುವವರು. ಆಕೆಯದು ಊರದೇವತೆಯ ಹೆಸರು. ಇಲ್ಲಿ ಬರೆಯುವುದಿಲ್ಲ, ಆಕೆಗೆ ತೊಂದರೆ ಆಗುವುದು ಬೇಡ.

ಹಿರಿಯರು ಒಂದು ಚೀಟಿ ಕೊಟ್ಟರು. ರೂತ್, ರೆಬೆಕ್ಕ, ಎಸ್ತೇರ್. "ಇದರಲ್ಲಿ ಒಂದು ಆರಿಸಿಕೊಳ್ಳಮ್ಮ. ಹಳೇ ಹೆಸರಲ್ಲಿ ದೀಕ್ಷಾಸ್ನಾನ ಕೊಡೋದು ಸರಿಯಾಗಲ್ಲ. ಇನ್ಮೇಲೆ ಹೂವು ಮುಡಿಯೋದು, ಬಳೆ, ಕುಂಕುಮ ಎಲ್ಲ ಬಿಡಬೇಕು. ನೀವೀಗ ಕ್ರಿಸ್ತನಲ್ಲಿ ನೂತನ ಸೃಷ್ಟಿ."

ಆಕೆ ಏನೂ ಹೇಳಲಿಲ್ಲ. ಚೀಟಿ ಮಡಚಿ ದುಡ್ಡಿನ ಚೀಲಕ್ಕೆ ಹಾಕಿಕೊಂಡರು. ಗೇಟಿನ ಹತ್ತಿರ ನನ್ನ ಕೈ ಹಿಡಿದು ಮೆಲ್ಲಗೆ ಕೇಳಿದರು: "ಅಕ್ಕಾ, ಹೆಸರು ಬದಲಾಯಿಸದಿದ್ರೆ ಯೇಸಪ್ಪ ನನ್ನ ಗುರುತು ಹಿಡಿಯಲ್ವಾ? ನಮ್ಮಜ್ಜಿ ಇಟ್ಟ ಹೆಸರು."

ಆ ಪ್ರಶ್ನೆ ನನ್ನನ್ನು ಬಿಡುತ್ತಿಲ್ಲ.

ಯಾಕೆ ಅಂತ ಹೇಳ್ತೀನಿ. ಎರಡು ತಿಂಗಳ ಹಿಂದೆ ಪ್ರಾರ್ಥನಾ ಕೂಟದಲ್ಲಿ ಆಕೆ ಪುಟ್ಟ ಸಾಕ್ಷಿ ಹೇಳಿದ್ದರು. ಹೂವು ಅಳೆಯುವುದು ಮೊಳದಲ್ಲಿ, ಮೊಣಕೈಯಿಂದ ಬೆರಳ ತುದಿವರೆಗೆ. ಬೆರಳು ಒಂಚೂರು ಒಳಗೆ ಮಡಚಿದರೆ ಕೊಳ್ಳುವವರಿಗೆ ಗೊತ್ತೇ ಆಗುವುದಿಲ್ಲ. ಮೊಳ ಅಂದರೆ 24 ಅಂಗುಲ, ಅಂದರೆ 24 ಬೆರಳಗಲ. ಒಂದೊಂದು ಮೊಳಕ್ಕೆ 3 ಬೆರಳು ಉಳಿಸಿದರೆ 8 ಮೊಳ ಮಾರುವಷ್ಟರಲ್ಲಿ ಒಂದು ಮೊಳ ಕೈಯಲ್ಲೇ ಉಳಿಯುತ್ತದೆ. ವರ್ಷಗಟ್ಟಲೆ ಹಾಗೇ ಮಾಡಿದ್ದೆ ಅಂದರು. "ಈಗ ಕೈ ಮಡಚಕ್ಕೆ ಆಗ್ತಿಲ್ಲ. ಪೂರ್ತಿ ಚಾಚಿ ಅಳೀತೀನಿ. ಸಂಜೆಗೆ ದುಡ್ಡು ಕಮ್ಮಿ ಆಗುತ್ತೆ, ಆದ್ರೆ ನಿದ್ದೆ ಬರುತ್ತೆ." ಆರು ವರ್ಷ ಮಾತು ಬಿಟ್ಟಿದ್ದ ಓರಗಿತ್ತಿ ಜ್ವರ ಬಂದು ಮಲಗಿದ್ದಾಗ ಗಂಜಿ ತೆಗೆದುಕೊಂಡು ಹೋದದ್ದನ್ನೂ ಹೇಳಿದರು. ಎಲ್ಲರೂ "ಸ್ತೋತ್ರ" ಅಂದೆವು. ಮುಂದಿನ ಹಾಡು ಶುರುವಾಯಿತು.

ಅಷ್ಟೇ. ಆ ಮೊಳದ ಬಗ್ಗೆ ಆಮೇಲೆ ಯಾರೂ ಒಂದು ಮಾತು ಕೇಳಲಿಲ್ಲ. ಭಾನುವಾರವೂ ಕೇಳಲಿಲ್ಲ. ನೂತನ ಸೃಷ್ಟಿ ಅನ್ನುವುದು ಬುಟ್ಟಿಯ ಮುಂದೆ, ಚಾಚಿದ ಆ ಕೈಯಲ್ಲಿ ನಡೆದುಹೋಗಿದೆ. ನಾವು ಅದನ್ನು ಆಕೆಯ ಮುಡಿಯಲ್ಲಿ ಹುಡುಕುತ್ತಿದ್ದೇವೆ.

ಜಕ್ಕಾಯನ ಕಥೆ ನಮ್ಮ ಭಾನುವಾರದ ಶಾಲೆಯ ಮಕ್ಕಳಿಗೂ ಗೊತ್ತು. ಸುಂಕ ವಸೂಲಿ ಮಾಡುತ್ತಿದ್ದ, ಮರ ಹತ್ತಿದ ಗಿಡ್ಡ ಮನುಷ್ಯ. ಯೇಸು ಮನೆಗೆ ಬಂದಾಗ ಅವನು ಎದ್ದು ನಿಂತು ಹೇಳಿದ್ದೇನು? ಆಸ್ತಿಯಲ್ಲಿ ಅರ್ಧ ಬಡವರಿಗೆ. ಯಾರಿಂದಲಾದರೂ ಮೋಸದಿಂದ ಕಿತ್ತುಕೊಂಡಿದ್ದರೆ ನಾಲ್ಕರಷ್ಟು ವಾಪಸ್. ಲೆಕ್ಕದ ಮಾತು, ದುಡ್ಡಿನ ಮಾತು. ಅದನ್ನು ಕೇಳಿಯೇ ಈ ಮನೆಗೆ ಇಂದು ರಕ್ಷಣೆ ಬಂತು ಅಂದರು ಯೇಸು. ಹೆಸರು ಜಕ್ಕಾಯ ಅಂತಲೇ ಉಳಿಯಿತು.

ಹೆಸರಿನ ವಿಷಯ ಬಂತಲ್ಲ, ಅದನ್ನೂ ನೋಡೋಣ. ಮೊದಲ ಕಾಲದ ಅಪೊಸ್ತಲ ಪೌಲ ರೋಮಾಪುರದವರಿಗೆ ಬರೆದ, ಬೈಬಲಿನಲ್ಲಿರುವ ಪತ್ರದ ಕೊನೆಯಲ್ಲಿ ಫೊಯಿಬೆ ಅನ್ನುವ ಹೆಣ್ಣುಮಗಳನ್ನು ಎಷ್ಟು ಗೌರವದಿಂದ ಒಪ್ಪಿಸಿಕೊಡುತ್ತಾರೆ! ಫೊಯಿಬೆ ಅಂದರೆ ಗ್ರೀಕರು ತಮ್ಮ ದೇವತೆ ಆರ್ಟೆಮಿಸಳನ್ನು ಕರೆಯುತ್ತಿದ್ದ ಹೆಸರು. ಅಪೊಲ್ಲೋಸ ದೊಡ್ಡ ಬೋಧಕ, ಅವನ ಹೆಸರು ಅಪೊಲೊ ದೇವರಿಂದ ಬಂದದ್ದು. ಪೌಲನ ಜೊತೆಗಾರ ಎಪಫ್ರೊದೀತನ ಹೆಸರಿನೊಳಗೆ ಅಫ್ರೊಡೈಟ್ ದೇವತೆಯೇ ಕೂತಿದ್ದಾಳೆ. ಇವರ ಕೈಗೆ ಯಾರೂ ಚೀಟಿ ಕೊಡಲಿಲ್ಲ. ಚೀಟಿಯಲ್ಲಿದ್ದ ಎಸ್ತೇರ್ ಅನ್ನುವ ಹೆಸರೂ ಹೀಬ್ರೂ ಅಲ್ಲ. ಆಕೆಯ ಹೀಬ್ರೂ ಹೆಸರು ಹದಸ್ಸಾ. ಅದು ಎಸ್ತೇರಳ ಪುಸ್ತಕದ ಎರಡನೇ ಅಧ್ಯಾಯದಲ್ಲೇ ಇದೆ.

ಅಷ್ಟು ದೂರ ಯಾಕೆ, ನಮ್ಮಲ್ಲೇ ನೋಡಿ. ಸರ್ವಜ್ಞನ ವಚನಗಳನ್ನು ಊರೂರು ಅಲೆದು ಕೂಡಿಸಿ 1924ರಲ್ಲಿ ಅಚ್ಚು ಹಾಕಿಸಿದ ಉತ್ತಂಗಿ ಚನ್ನಪ್ಪನವರು ಬಾಸೆಲ್ ಮಿಷನ್‌ನ ಪಾದ್ರಿಗಳು. 1949ರಲ್ಲಿ ಕಲಬುರಗಿಯ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದವರು. ಪುಲ್ಪಿಟ್ ಹತ್ತಿದಾಗಲೂ ಅವರು ಚನ್ನಪ್ಪನವರೇ. ನಮ್ಮ ಪಶ್ಚಿಮ ಘಟ್ಟದ ಕಾಡಿನಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿ 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಪಡೆದರು. ಅಲ್ಲಿಯ ಸನ್ಯಾಸಿನಿಯರ ನಡುವೆ ಇದ್ದುಕೊಂಡೇ ತಮ್ಮ ಸಸ್ಯಾಹಾರ ಬಿಡಲಿಲ್ಲ. ಶಿಲುಬೆಯ ಮೇಲೆ ಲ್ಯಾಟಿನ್ ಯಾಕೆ, ಸಂಸ್ಕೃತ ಯಾಕಿರಬಾರದು ಅಂತ ಕೇಳಿದರು. ಹೀಗೆ ಜಗಳ ಆಡಿದ ಆ ತಾಯಿಯೇ ಬರಗಾಲದಲ್ಲಿ ಹಸಿದ ಹೆಣ್ಣುಮಕ್ಕಳನ್ನು ನೂರಾರು ಸಂಖ್ಯೆಯಲ್ಲಿ ಕರೆತಂದು ಪುಣೆ ಹತ್ತಿರದ ಕೇಡಗಾಂವ್‌ನಲ್ಲಿ ಸಾಕಿದರು. ಅವರ ವಿಶ್ವಾಸ ಎಳ್ಳಷ್ಟಾದರೂ ಕಮ್ಮಿ ಇತ್ತಾ?

ಹಿರಿಯರ ಮಾತಿನಲ್ಲಿ ಏನೂ ಹುರುಳಿಲ್ಲವಾ ಅಂತ ನೀವು ಕೇಳಬಹುದು. ಅವರನ್ನು ನಾನು ಬಲ್ಲೆ, ಒಳ್ಳೆಯ ಮನುಷ್ಯರು. ಅವರ ಭಯ ಇಷ್ಟು: ಹಳೆಯದರ ಎಳೆತ ಜಾಸ್ತಿ, ಹೊರಗೆ ಒಂದು ಗುರುತು ಇರದಿದ್ದರೆ ಜನ ಜಾರಿಬಿಡುತ್ತಾರೆ. ಶಿಷ್ಯ ಸೀಮೋನನಿಗೆ ಯೇಸುವೇ ಪೇತ್ರ ಅಂತ ಹೆಸರಿಟ್ಟರಲ್ಲ ಅಂತಲೂ ಹೇಳುತ್ತಾರೆ. ಇನ್ನೊಂದು ಮಾತನ್ನು ನಾನೇ ಒಪ್ಪುತ್ತೇನೆ. ಕೇರಿಯ ಮಕ್ಕಳಿಗೆ ಊರಿನವರು ಬೇಕಂತಲೇ ಅವಮಾನದ ಹೆಸರು ಅಂಟಿಸುತ್ತಿದ್ದ ಕಾಲ ಇತ್ತು. ಅಂಥ ಹೆಸರು ಕಿತ್ತು ಬಿಸಾಡಿ ಹೊಸದನ್ನು ಇಟ್ಟುಕೊಂಡವರ ಸಂತೋಷ ನಿಜವಾದದ್ದು. ಇಷ್ಟಪಟ್ಟು ಇಟ್ಟುಕೊಳ್ಳುವವರು ಇಟ್ಟುಕೊಳ್ಳಲಿ. ಆದರೆ ಅಜ್ಜಿ ಮುದ್ದಿನಿಂದ ಇಟ್ಟ ಹೆಸರನ್ನು ಬಿಡು ಅನ್ನುವುದು ಬೇರೆ. ಅದು ದೀಕ್ಷಾಸ್ನಾನಕ್ಕೆ ಷರತ್ತು ಆಗಬಾರದು.

ಪೇತ್ರನನ್ನೇ ತೆಗೆದುಕೊಳ್ಳಿ. ಹೊಸ ಹೆಸರು ಬಂದ ಮೇಲೆಯೇ ಅವನು, ಯೇಸುವನ್ನು ಹಿಡಿದುಕೊಂಡು ಹೋದ ರಾತ್ರಿ, ಮೂರು ಸಲ "ಆ ಮನುಷ್ಯನನ್ನು ನಾನರಿಯೆ" ಅಂದದ್ದು. ಅದಕ್ಕಿಂತ ನನಗೆ ನೋವಾಗುವುದು ಅಂತಿಯೋಕ್ಯದ ಸಂಗತಿ. ಅಲ್ಲಿ ಬೇರೆ ಜನಾಂಗದ ವಿಶ್ವಾಸಿಗಳ ಜೊತೆ ಕೂತು ಊಟ ಮಾಡುತ್ತಿದ್ದವನು, ತನ್ನ ಕಡೆಯ ಯೆಹೂದ್ಯರು ಬಂದ ಕೂಡಲೇ ಪಂಕ್ತಿಯಿಂದ ಹಿಂದೆ ಸರಿದುಬಿಟ್ಟ. ಪೌಲ ಎಲ್ಲರ ಮುಂದೆ ಅವನನ್ನು ಎದುರಿಸಬೇಕಾಯಿತು. ಹೆಸರು ಹೊಸದಾಗಿತ್ತು, ಪಂಕ್ತಿ ಹಳೆಯದೇ.

ಇದನ್ನು ನಾನು ಯಾರ ಮೇಲೂ ಬೆರಳು ತೋರಿಸಿ ಬರೆಯುತ್ತಿಲ್ಲ. ನನ್ನ ಕಥೆ ನಿಮ್ಮಲ್ಲಿ ಹಲವರಿಗೆ ಗೊತ್ತೇ ಇದೆ, ನಾನೂ ಹಿಂದೂ ಮನೆಯಿಂದ ಬಂದವಳು. 2010ರಲ್ಲಿ ದೀಕ್ಷಾಸ್ನಾನ. ಅಮ್ಮ ಎರಡು ವರ್ಷ ಮಾತು ಬಿಟ್ಟದ್ದು, ಆಮೇಲೆ ತಾನೇ ಫೋನ್ ಮಾಡಿದ್ದು. ನಾನು ಬಳೆ ತೆಗೆದೆ. ಹೂವು ಬಿಟ್ಟೆ. ಯುಗಾದಿಗೆ ಹೋದಾಗ ಅಮ್ಮ ಮಾಡಿದ ಒಬ್ಬಟ್ಟನ್ನು ಬೇಡ ಅಂದೆ. ಅಮ್ಮ ತಟ್ಟೆ ಎತ್ತಿಕೊಂಡು ಸುಮ್ನೆ ಒಳಗೆ ಹೋದರು. ಅದೆಲ್ಲ ನನ್ನ ಹೊಸ ಜೀವನ ಅಂತ ನಂಬಿದ್ದೆ.

ನಿಮಗೆ ಗೊತ್ತಿಲ್ಲದ್ದು ಒಂದಿದೆ. ಇದುವರೆಗೆ ಎಲ್ಲೂ ಹೇಳಿಲ್ಲ. ದೀಕ್ಷಾಸ್ನಾನ ಆಗಿ ಮೂರು ವರ್ಷ ನಮ್ಮನೆಯಲ್ಲಿ ಕೆಲಸಕ್ಕೆ ಬರುತ್ತಿದ್ದವರಿಗೆ ಬೇರೆ ಲೋಟ ಇಟ್ಟಿದ್ದೆ. ಹಿತ್ತಲ ಕಿಟಕಿಯ ಮೇಲೆ, ಬೋರಲು ಹಾಕಿ. ಹುಟ್ಟಿದ ಮನೆಯಿಂದ ಬಂದ ರೂಢಿ, ಕಣ್ಣಿಗೆ ಬೀಳುತ್ತಲೇ ಇರಲಿಲ್ಲ. ಬೈತಲೆಯ ಕುಂಕುಮ ಕಂಡಿತ್ತು, ಕಿಟಕಿಯ ಲೋಟ ಕಾಣಲಿಲ್ಲ. ಒಂದು ಭಾನುವಾರ ಕರ್ತನ ಭೋಜನದಲ್ಲಿ, ಅಂದರೆ ಯೇಸುವಿನ ನೆನಪಿಗೆ ರೊಟ್ಟಿ ದ್ರಾಕ್ಷಾರಸ ಹಂಚಿಕೊಳ್ಳುವ ಆರಾಧನೆಯಲ್ಲಿ, ಬಟ್ಟಲು ನನ್ನ ಕೈಗೆ ಬಂತು. ಪಕ್ಕದಲ್ಲಿದ್ದ ಪೌರಕಾರ್ಮಿಕ ಅಣ್ಣ ಕುಡಿದು ಕೊಟ್ಟ ಬಟ್ಟಲು. ಅದೇ ಅಂಚಿನಲ್ಲಿ ನಾನೂ ಕುಡಿದೆ. ಆಗ ಕಿಟಕಿಯ ಮೇಲಿನ ಲೋಟ ನೆನಪಾಯಿತು. ಮೈಯೆಲ್ಲ ಬೆವರಿತು.

ಮರುದಿನ ನಾವು ಕುಡಿಯುವ ಲೋಟದಲ್ಲೇ ಅವರಿಗೆ ಕಾಫಿ ಕೊಟ್ಟೆ. ಅವರು ಒಂದು ಗಳಿಗೆ ನನ್ನ ಮುಖ ನೋಡಿದರು. ಕುಡಿದರು. ಲೋಟ ತೊಳೆದರು. ತೊಳೆದು ಕಿಟಕಿಯ ಮೇಲೆ ಬೋರಲು ಹಾಕಿದರು.

ಆವತ್ತು ನಾನು ಅತ್ತಷ್ಟು ದೀಕ್ಷಾಸ್ನಾನದ ದಿನವೂ ಅತ್ತಿರಲಿಲ್ಲ.

ಅದಕ್ಕೇ ಆ ಚೀಟಿ ನೋಡಿ ನನಗೆ ಇಷ್ಟು ಸಿಟ್ಟು ಬಂದದ್ದು. ನನ್ನ ಲೋಟದ ಬಗ್ಗೆ ಆ ಮೂರು ವರ್ಷ ಯಾರೂ ಕೇಳಲಿಲ್ಲ. ಬಳೆ ತೆಗೆದದ್ದಕ್ಕೆ ಎಲ್ಲರೂ ಬೆನ್ನು ತಟ್ಟಿದರು. ಆಕೆ ಲೋಟದಂಥದ್ದನ್ನು ಮೊದಲೇ ಸರಿ ಮಾಡಿಕೊಂಡು ಬಂದಿದ್ದಾರೆ, ತಾನಾಗಿ, ಯಾರೂ ಹೇಳದೆ. ಆಕೆಗೆ ನಾವು ಪಾಠ ಹೇಳುತ್ತಿದ್ದೇವೆ. ಕಲಿಯಬೇಕಾದವರು ನಾವಲ್ವಾ?

ಗೇಟಿನ ಹತ್ತಿರ ಆಕೆಗೆ ಏನು ಹೇಳಬೇಕು ಅಂತ ಆಗ ತೋಚಲಿಲ್ಲ. ನಿನ್ನೆ ಸಂಜೆ ಬಸ್ ಸ್ಟ್ಯಾಂಡಿಗೆ ಹೋಗಿ ಹೇಳಿದೆ. ಯೇಸು ಸತ್ತು ಮತ್ತೆ ಎದ್ದ ಬೆಳಿಗ್ಗೆ ತೋಟದಲ್ಲಿ ಅವರ ಶಿಷ್ಯೆ ಮಗ್ದಲದ ಮರಿಯಳು ಅಳುತ್ತ ನಿಂತಿದ್ದಳು. ಎದುರಿಗಿದ್ದವರು ತೋಟಗಾರ ಅಂದುಕೊಂಡಿದ್ದಳು. ಅವರು "ಮರಿಯಳೇ" ಅಂದ ಕೂಡಲೇ ಯೇಸು ಅಂತ ಗೊತ್ತಾಯಿತು. ಅವಳ ಅಪ್ಪ ಅಮ್ಮ ಇಟ್ಟಿದ್ದ ಹೆಸರು ಅದು. "ನಿನ್ನನ್ನೂ ಮನೆಯವರು ಕರೆಯೋ ಹೆಸರಲ್ಲೇ ಕರೀತಾರೆ ಕಣಮ್ಮ" ಅಂದೆ. ಆಕೆ ಹೂವು ಕಟ್ಟುತ್ತಲೇ ಕೇಳಿಸಿಕೊಂಡರು. "ಹಂಗಾದ್ರೆ ಹಿರಿಯರಿಗೆ ನೀವೇ ಒಂದು ಮಾತು ಹೇಳ್ತೀರಾ ಅಕ್ಕಾ?" ಅಂದರು.

ಹೇಳ್ತೀನಿ ಅಂದಿದ್ದೇನೆ. ಈ ಭಾನುವಾರ ಆರಾಧನೆ ಮುಗಿದ ಮೇಲೆ ಹಿರಿಯರ ಕೂಟ ಇದೆ, ಮಾತಾಡಲು ಸಮಯ ಕೇಳಿದ್ದೇನೆ. ಒಂದು ಮೊಳ ಮಲ್ಲಿಗೆ ಕೊಂಡೆ. ಆಕೆ ಕೈ ಪೂರ್ತಿ ಚಾಚಿ ಅಳೆದು ಕೊಟ್ಟರು. 2010ರಿಂದ ಈಚೆಗೆ ಮೊದಲ ಸಲ ಮುಡಿದುಕೊಂಡು, ಸೀದಾ ಅಮ್ಮನ ಮನೆಗೆ ಹೋದೆ.